ಎಣ್ಣೆಯಲ್ಲದ ಬ್ರೇಕ್ ಆಯಿಲ್

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ಅವತ್ತು ನನ್ನದು ನಾಲ್ಕನೇ ಲ್ಯಾಪ್. ಉದ್ದನೆಯ ನೇರ ದಾರಿ ಮುಗಿಯುತ್ತಾ ಬಂದಿತ್ತು, ಸ್ಪೀಡೋಮೀಟರಿನಲ್ಲಿ ನೂರನಲವತ್ತು. ಹಿಂದಿನ ಮೂರು ಲ್ಯಾಪಿನಲ್ಲಿ ಎಲ್ಲಿ ಬ್ರೇಕ್ ಒತ್ತಿದ್ದೆನೋ ಅಲ್ಲೇ ಒತ್ತಿದೆ. ಪೆಡಲ್ ಕಾಲಿಗೆ ಸಿಗಲಿಲ್ಲ. ಕೊಳೆತ ಟೊಮ್ಯಾಟೊ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ನೆಲದವರೆಗೂ ಹೋಯಿತು. ಗಾಬರಿಯಲ್ಲಿ ಇನ್ನೆರಡು ಸಲ ಪಂಪ್ ಮಾಡಿದ ಮೇಲೆ ಅಷ್ಟಿಷ್ಟು ಹಿಡೀತು. ಗೇರ್ ಇಳಿಸಿ, ತಿರುವನ್ನು ಬಿಟ್ಟುಕೊಟ್ಟು, ಟ್ರ್ಯಾಕಿನಾಚೆಯ ಮಣ್ಣಿನಲ್ಲಿ ಧೂಳೆಬ್ಬಿಸಿಕೊಂಡು ನಿಂತೆ. ಕಾರಿಗೂ ಏನಾಗಲಿಲ್ಲ, ನನಗೂ ಏನಾಗಲಿಲ್ಲ. ಕೈ ಮಾತ್ರ ಹತ್ತು ನಿಮಿಷ ನಡುಗ್ತಾ ಇತ್ತು.

ವಿಚಿತ್ರ ಏನು ಗೊತ್ತಾ? ಪಿಟ್‌ಗೆ ತಂದು ಅರ್ಧ ಗಂಟೆ ನಿಲ್ಲಿಸಿದ ಮೇಲೆ ಪೆಡಲ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ! ಏನೂ ಆಗೇ ಇಲ್ಲ ಅನ್ನೋ ಥರ. ಪಕ್ಕದ ಕಾರಿನ ಜೊತೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು: “ಬ್ರೇಕ್ ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ದು ಸಾರ್?”

ಕಾರು ಕೊಂಡು ಮೂರು ವರ್ಷವಾಗಿತ್ತು. ಸೆಕೆಂಡ್ ಹ್ಯಾಂಡ್ ಬೇರೆ. ಬದಲಾಯಿಸಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ. ಹೊಸ ಟೈರ್ ಹಾಕಿಸಿದ್ದೆ, ಏರ್ ಫಿಲ್ಟರ್ ಹಾಕಿಸಿದ್ದೆ, ಎಕ್ಸಾಸ್ಟ್‌ಗೆ ದುಡ್ಡು ಸುರಿದಿದ್ದೆ. “ಓಡೋದಕ್ಕೆ ಎಲ್ಲ ಮಾಡಿದೀರ, ನಿಲ್ಲೋದಕ್ಕೆ ಏನೂ ಮಾಡಿಲ್ಲ” ಅಂದು ನಕ್ಕರು.

ವಾಪಸ್ ಬೆಂಗಳೂರಿಗೆ ಬರುವಾಗ ಗಂಟೆಗಟ್ಟಲೆ ಆ ಪದವೇ ತಲೆಯಲ್ಲಿತ್ತು. ಬ್ರೇಕ್ ಆಯಿಲ್. ಗ್ಯಾರೇಜಿನಲ್ಲಿ ಎಲ್ಲರೂ ಹಾಗೇ ಅನ್ನೋದು. ಆದರೆ ಬಾಟಲಿ ಮೇಲೆ ‘ಬ್ರೇಕ್ ಫ್ಲೂಯಿಡ್’ ಅಂತ ಇರುತ್ತೆ. ಕೈಗೆ ತಾಗಿದರೆ ನೀರು ಹಾಕಿ ತೊಳೆದುಕೊಂಡರೆ ಹೋಗುತ್ತೆ. ಅದು ಎಣ್ಣೆಯೇ ಅಲ್ಲ. ಹಾಗಾದ್ರೆ ಆಯಿಲ್ ಅಂತ ಯಾಕೆ ಕರೀತೀವಿ? ಹುಡುಕುತ್ತಾ ಹೋದೆ. ಮುಂದಿನ ಟ್ರ್ಯಾಕ್ ಡೇಗೆ ಯಾವ ಬಾಟಲಿ ಕೊಳ್ಳಬೇಕು ಅನ್ನೋ ಪ್ರಶ್ನೆಗೂ ಆ ಇತಿಹಾಸದಲ್ಲೇ ಉತ್ತರ ಸಿಕ್ಕಿತು.

ಮೊದಮೊದಲ ಕಾರುಗಳ ಬ್ರೇಕು ನಮ್ಮ ಸೈಕಲ್ ಬ್ರೇಕಿನ ದೊಡ್ಡಣ್ಣ. ಕಂಬಿ, ಕೇಬಲ್, ಸನ್ನೆಗೋಲು. ನಾಲ್ಕು ಚಕ್ರಕ್ಕೂ ಸಮನಾಗಿ ಬಲ ಹೋಗುವ ಹಾಗೆ ಅವನ್ನು ಹೊಂದಿಸಿಡೋದೇ ದೊಡ್ಡ ತಲೆನೋವು. ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾದರೆ, ಬ್ರೇಕ್ ಒತ್ತಿದಾಗ ಗಾಡಿ ನಿಲ್ಲೋ ಬದಲು ತಿರುಗುತ್ತೆ. ಹಾಗಾಗಿ ಬಹಳ ವರ್ಷ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್ ಇರುತ್ತಿತ್ತು.

ಇದಕ್ಕೆ ಪರಿಹಾರ ಹದಿನೇಳನೇ ಶತಮಾನದಿಂದಲೇ ಪುಸ್ತಕದಲ್ಲಿತ್ತು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತೆ ಅನ್ನೋ ಪ್ಯಾಸ್ಕಲ್ ನಿಯಮ, ನಾವೆಲ್ಲ ಹೈಸ್ಕೂಲಿನಲ್ಲಿ ಉರು ಹೊಡೆದು ಮರೆತಿದ್ದು. ಅದನ್ನು ಕಾರಿಗೆ ತಂದವರಲ್ಲಿ ಮುಖ್ಯನಾದವನು ಮಾಲ್ಕಂ ಲೌಹೆಡ್ ಎಂಬ ಅಮೆರಿಕನ್. ಅಣ್ಣತಮ್ಮಂದಿರು ಸೇರಿ ವಿಮಾನದ ಕಂಪನಿ ಮಾಡಿದ್ದರು. ಜನ ಹೆಸರನ್ನು ಬಾಯಿಗೆ ಬಂದ ಹಾಗೆ ಉಚ್ಚರಿಸುತ್ತಿದ್ದ ಕಾರಣ ಅದರ ಸ್ಪೆಲ್ಲಿಂಗ್ ಆಮೇಲೆ ‘ಲಾಕ್‌ಹೀಡ್’ ಆಯಿತು. ಹೌದು, ಯುದ್ಧವಿಮಾನದ ಲಾಕ್‌ಹೀಡ್ ಹೆಸರಿನ ಮೂಲವೂ ಇದೇ ಮನೆತನ. ಮಾಲ್ಕಂ 1919ರಲ್ಲಿ ವಿಮಾನ ಬಿಟ್ಟು ಡೆಟ್ರಾಯಿಟ್‌ಗೆ ಹೋಗಿ ಬ್ರೇಕಿನ ಕಂಪನಿ ಶುರುಮಾಡಿದ.

ಹೈಡ್ರಾಲಿಕ್ ಬ್ರೇಕು ದೊಡ್ಡ ಜಗತ್ತಿನ ಕಣ್ಣಿಗೆ ಬಿದ್ದಿದ್ದು ರೇಸ್ ಟ್ರ್ಯಾಕಿನಲ್ಲಿ. 1921ರ ಫ್ರೆಂಚ್ ಗ್ರ್ಯಾನ್ ಪ್ರಿ ನಡೆದದ್ದು ಲೆ ಮಾನ್ ಊರಿನಲ್ಲಿ. ಅಮೆರಿಕದ ಡ್ಯೂಸನ್‌ಬರ್ಗ್ ಕಾರುಗಳು ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಹಾಕಿಕೊಂಡು ಬಂದಿದ್ದವು. ಅಭ್ಯಾಸದಲ್ಲಿ ಗಾಡಿ ಮಗುಚಿ ಗಾಯಗೊಂಡಿದ್ದ ಜಿಮ್ಮಿ ಮರ್ಫಿ ಮೈಗೆ ಪಟ್ಟಿ ಸುತ್ತಿಕೊಂಡು ರೇಸಿಗಿಳಿದ. ರಸ್ತೆಯ ತುಂಬ ಕಿತ್ತುಬಂದ ಕಲ್ಲು. ಕೊನೆಯಲ್ಲಿ ರೇಡಿಯೇಟರ್ ತೂತು, ಟೈರ್ ಪಂಕ್ಚರ್. ಆದರೂ ಗೆದ್ದ. ಎದುರಾಳಿಗಳು ಬ್ರೇಕ್ ಒತ್ತಲು ಶುರುಮಾಡಿದ ಮೇಲೂ ಅವನು ಇನ್ನೊಂದಷ್ಟು ದೂರ ಧೈರ್ಯವಾಗಿ ನುಗ್ಗಬಹುದಿತ್ತು. ಅಮೆರಿಕದ ಡ್ರೈವರೊಬ್ಬ ಅಮೆರಿಕದ ಕಾರಿನಲ್ಲಿ ಮತ್ತೊಂದು ಗ್ರ್ಯಾನ್ ಪ್ರಿ ಗೆಲ್ಲೋಕೆ 1967ರ ತನಕ ಕಾಯಬೇಕಾಯಿತು.

ಅದೇ ಕಾಲಕ್ಕೆ ಡ್ಯೂಸನ್‌ಬರ್ಗ್ ಮಾಡೆಲ್ ಎ ಈ ಬ್ರೇಕನ್ನು ಶ್ರೀಮಂತರ ರಸ್ತೆ ಕಾರಿಗೂ ತಂದಿತು. 1924ರಲ್ಲಿ ವಾಲ್ಟರ್ ಕ್ರೈಸ್ಲರ್ ತನ್ನ ಹೆಸರಿನ ಮೊದಲ ಕಾರಿನಲ್ಲಿ ಅದನ್ನು ಮಧ್ಯಮ ವರ್ಗದ ಹತ್ತಿರಕ್ಕೆ ತಂದ. ಅವನ ಎಂಜಿನಿಯರುಗಳು ಮಾಡಿದ ಒಂದು ಬದಲಾವಣೆ ನಮ್ಮ ಕಥೆಗೆ ತುಂಬ ಮುಖ್ಯ. ಲೌಹೆಡ್‌ನ ಬ್ರೇಕಿನಲ್ಲಿ ದ್ರವ ಸೋರದ ಹಾಗೆ ತಡೆಯೋಕೆ ಚರ್ಮದ ಬಟ್ಟಲು ಇದ್ದವು, ಅವು ಸೋರುತ್ತಿದ್ದವು. ಕ್ರೈಸ್ಲರ್ ಕಡೆಯವರು ಅದರ ಜಾಗಕ್ಕೆ ರಬ್ಬರ್ ತಂದರು.

ಹೆನ್ರಿ ಫೋರ್ಡ್ ಮಾತ್ರ ಇದ್ಯಾವುದನ್ನೂ ನಂಬಲಿಲ್ಲ. ಕೊಳವೆಯೊಳಗಿನ ನೀರಿನಂಥ ದ್ರವವನ್ನು ನೆಚ್ಚಿಕೊಂಡು ಗಾಡಿ ನಿಲ್ಲಿಸೋದೇ? ಉಕ್ಕಿನ ಕಂಬಿಯೇ ವಾಸಿ ಅಂತ ಹಟ ಹಿಡಿದು ಕೂತ. 1939ರ ಮಾಡೆಲ್‌ಗಳ ತನಕ ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬ್ರೇಕ್ ಬರಲಿಲ್ಲ. ಅವನನ್ನು ನೋಡಿ ನಗೋದು ಸುಲಭ. ಆದರೆ ಆ ಮಣ್ಣಿನಲ್ಲಿ ನಿಂತು ಕೈ ನಡುಗ್ತಾ ಇದ್ದಾಗ ನನಗೆ ಹೆನ್ರಿ ಫೋರ್ಡ್ ಅಷ್ಟೇನೂ ದಡ್ಡ ಅನ್ನಿಸಲಿಲ್ಲ.

ಈಗ ಆ ದ್ರವದ ವಿಷಯಕ್ಕೆ ಬರೋಣ. ಕೊಳವೆಯೊಳಗೆ ಏನು ತುಂಬಬೇಕು? ನೀರು ತುಂಬಿದರೆ ಕಬ್ಬಿಣ ತುಕ್ಕು ಹಿಡಿಯುತ್ತೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ, ಬಿಸಿಯಾದರೆ ಕುದಿಯುತ್ತೆ. ಶುರುವಿನಲ್ಲಿ ಗ್ಲಿಸರಿನ್, ನೀರು, ಆಲ್ಕೋಹಾಲ್ ಬೆರೆಸಿ ನೋಡಿದರು. ಎಂಜಿನ್ ಆಯಿಲ್ ಹಾಕೋಣ ಅಂದ್ರೆ ರಬ್ಬರ್ ಅಡ್ಡ ಬಂತು. ಪೆಟ್ರೋಲಿಯಂ ಎಣ್ಣೆಯಲ್ಲಿ ನೆನೆದ ನೈಸರ್ಗಿಕ ರಬ್ಬರು, ರಾತ್ರಿ ನೆನೆಹಾಕಿದ ಕಡಲೆಕಾಳಿನ ಹಾಗೆ ಊದಿಕೊಂಡು ಮೆತ್ತಗಾಗುತ್ತೆ. ಬ್ರೇಕು ಒಂದೋ ಹಿಡಿದುಕೊಂಡೇ ಇರುತ್ತೆ, ಇಲ್ಲಾ ಸೋರುತ್ತೆ.

ಆಗ ಸಿಕ್ಕಿದ್ದು ನಮ್ಮ ಅಜ್ಜಿಯರ ಹರಳೆಣ್ಣೆ. ತಲೆಗೆ ತಟ್ಟಿ, ಹೊಟ್ಟೆ ಕಟ್ಟಿದರೆ ಕುಡಿಸಿ, ಭಾನುವಾರ ಹಿಂಸೆ ಕೊಡುತ್ತಿದ್ದ ಅದೇ ಹರಳೆಣ್ಣೆ. ಉತ್ತರ ಕರ್ನಾಟಕದವರ ಔಡಲೆಣ್ಣೆ. ಅದು ರಬ್ಬರನ್ನು ಊದಿಸೋದಿಲ್ಲ, ಲೋಹಕ್ಕೆ ಜಾರುವಿಕೆ ಕೊಡುತ್ತೆ. ತೊಂದರೆ ಒಂದೇ, ವಿಪರೀತ ಮಂದ. ಆದರೆ ಬೇರೆ ಎಣ್ಣೆಗಳಂತಲ್ಲದೆ ಇದು ಆಲ್ಕೋಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತೆ. ಹಾಗಾಗಿ ಆಲ್ಕೋಹಾಲ್ ಸೇರಿಸಿ ತೆಳ್ಳಗೆ ಮಾಡಿದರು. ಸೋವಿಯತ್ ಒಕ್ಕೂಟದ ಕಾರುಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಕೆಂಪು ಬಣ್ಣದ ‘ಬಿಎಸ್‌ಕೆ’ ಅರ್ಧ ಹರಳೆಣ್ಣೆ, ಅರ್ಧ ಬ್ಯುಟೈಲ್ ಆಲ್ಕೋಹಾಲ್. (ಅಂದ ಹಾಗೆ, ಎಂಜಿನ್ ಆಯಿಲ್ ಮಾರುವ ಕ್ಯಾಸ್ಟ್ರಾಲ್ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.)

ಅಂದ್ರೆ ನಮ್ಮ ಮೆಕ್ಯಾನಿಕ್ ಬಾಯಲ್ಲಿರೋ ಬ್ರೇಕ್ ಆಯಿಲ್ ಅನ್ನೋ ಮಾತು ಒಂದು ಕಾಲಕ್ಕೆ ಅರ್ಧದಷ್ಟಾದರೂ ನಿಜವಾಗಿತ್ತು. ಎಣ್ಣೆ ಹೋಯಿತು, ಮಾತು ಉಳಿಯಿತು. ಇದರಲ್ಲಿ ಒಂದು ಅಪಾಯವೂ ಇದೆ. ಆಯಿಲ್ ಅಲ್ವಾ ಅಂತ ಯಾರಾದರೂ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಬ್ರೇಕಿನ ಡಬ್ಬಿಗೆ ಸುರಿದರೆ ಇವತ್ತಿನ ಕಾರಿನ ರಬ್ಬರ್ ಸೀಲುಗಳೂ ಊದಿಕೊಂಡು ಹಾಳಾಗುತ್ತವೆ. ಒಂದು ಚಮಚ ಬಿದ್ದರೂ ದೊಡ್ಡ ಖರ್ಚು.

ಹರಳೆಣ್ಣೆ ಮಿಶ್ರಣದ ದೊಡ್ಡ ದೌರ್ಬಲ್ಯ ಅದರೊಳಗಿನ ಆಲ್ಕೋಹಾಲ್. ಬಿಎಸ್‌ಕೆ ಕುದಿಯೋದು ಸುಮಾರು 115 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಊರೊಳಗೆ ಓಡಾಡೋಕೆ ಪರವಾಗಿಲ್ಲ, ಘಾಟಿ ಇಳಿಯುವಾಗ ಭಯ.

ಕುದಿದರೆ ಏನಾಗುತ್ತೆ? ದ್ರವವನ್ನು ಒತ್ತಿ ಕುಗ್ಗಿಸೋಕೆ ಆಗೋದಿಲ್ಲ, ಅದಕ್ಕೇ ಕಾಲಿನ ಬಲ ಚಕ್ರದವರೆಗೆ ತಲುಪೋದು. ಕುದಿದಾಗ ಹುಟ್ಟುವ ಆವಿಯ ಗುಳ್ಳೆಯನ್ನು ಒತ್ತಿದರೆ ಆರಾಮಾಗಿ ಕುಗ್ಗುತ್ತೆ. ನೀವು ಪೆಡಲ್ ಒತ್ತಿದ ದೂರವೆಲ್ಲ ಗುಳ್ಳೆ ಕುಗ್ಗಿಸೋದರಲ್ಲೇ ಖರ್ಚಾಗಿ ಹೋಗುತ್ತೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ. ನನ್ನ ಪೆಡಲ್ ಅರ್ಧ ಗಂಟೆಯ ನಂತರ ಸಾಚಾ ಮುಖ ಮಾಡಿಕೊಂಡು ನಿಂತಿದ್ದು ಇದಕ್ಕೇ.

ಡ್ರಮ್ ಬ್ರೇಕಿನ ಕಾಲದಲ್ಲಿ ಇದು ಅಷ್ಟು ಕಾಡಲಿಲ್ಲ. ಡ್ರಮ್ಮಿನೊಳಗೆ ದ್ರವ ಇರೋ ಸಿಲಿಂಡರು ಬಿಸಿಯಾಗುವ ಜಾಗದಿಂದ ತುಸು ದೂರ, ಕಾಲು ತೆಗೆದ ಕೂಡಲೇ ಶೂ ಹಿಂದೆ ಸರಿಯುತ್ತೆ. ಲೆಕ್ಕ ಬದಲಾಗಿದ್ದು ಮತ್ತೆ ಅದೇ ಲೆ ಮಾನ್ ಊರಿನಲ್ಲಿ. 1953ರ 24 ಗಂಟೆಯ ರೇಸಿಗೆ ಜಾಗ್ವಾರ್ ತನ್ನ ಸಿ-ಟೈಪ್ ಕಾರುಗಳಿಗೆ ಡನ್‌ಲಪ್ ಜೊತೆ ಸೇರಿ ಮಾಡಿದ ಡಿಸ್ಕ್ ಬ್ರೇಕ್ ಹಾಕಿ ತಂದಿತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಆ ರೇಸನ್ನು ಗಂಟೆಗೆ ನೂರು ಮೈಲಿಗಿಂತ ಹೆಚ್ಚಿನ ಸರಾಸರಿ ವೇಗದಲ್ಲಿ ಗೆದ್ದಿದ್ದು ಅದೇ ಮೊದಲು. ಮುಂದೆ ಎಲ್ಲರೂ ಡಿಸ್ಕ್ ಕಡೆಗೆ ತಿರುಗಿದರು.

ಡಿಸ್ಕು ಗಾಳಿಗೆ ಒಡ್ಡಿಕೊಂಡಿರುತ್ತೆ, ಬೇಗ ತಣಿಯುತ್ತೆ, ನಿಜ. ಆದರೆ ಕ್ಯಾಲಿಪರಿನೊಳಗೆ ಬಿಸಿ ಡಿಸ್ಕಿಗೂ ದ್ರವಕ್ಕೂ ಮಧ್ಯೆ ಇರೋದು ಒಂದು ಪ್ಯಾಡ್, ಒಂದು ಪಿಸ್ಟನ್, ಅಷ್ಟೇ. ಹೊಸ ಬ್ರೇಕು ಹಳೇ ದ್ರವವನ್ನು ಒಲೆಯ ಪಕ್ಕಕ್ಕೆ ತಂದು ಕೂರಿಸಿತು.

ಎಷ್ಟು ದೊಡ್ಡ ಒಲೆ? ಡ್ರೈವರ್ ಸೇರಿ 1,200 ಕಿಲೋ ತೂಗುವ ಸಾಧಾರಣ ಹ್ಯಾಚ್‌ಬ್ಯಾಕನ್ನು ಗಂಟೆಗೆ 140 ಕಿಲೋಮೀಟರಿನಿಂದ 60ಕ್ಕೆ ಇಳಿಸಿದರೆ, ಬಿಡುಗಡೆಯಾಗುವ ಶಕ್ತಿ ಸುಮಾರು 740 ಕಿಲೋಜೂಲ್. ಕೊಡದಲ್ಲಿಟ್ಟ ಎರಡು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರೋಕೆ ಸಾಕು. ಅದೂ ಮೂರ್ನಾಲ್ಕು ಸೆಕೆಂಡಿನಲ್ಲಿ. ಗಾಳಿಯ ತಡೆ ಸ್ವಲ್ಪ ಪಾಲು ಹಂಚಿಕೊಂಡರೂ ಬಹುಪಾಲು ಹೋಗೋದು ಡಿಸ್ಕಿಗೇ. ಹೊಸೂರು ರಸ್ತೆಯಲ್ಲಿ ಇಡೀ ದಿನ ಓಡಾಡಿದರೂ ಇಂಥ ಬ್ರೇಕ್ ಒಂದು ಸಲ ಒತ್ತಬೇಕಾಗಿ ಬರಬಹುದು. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ ಒತ್ತುತ್ತೀರಿ, ನಡುವೆ ತಣಿಯೋಕೆ ಪುರುಸೊತ್ತೇ ಇರೋದಿಲ್ಲ.

ಹರಳೆಣ್ಣೆಯ ಜಾಗಕ್ಕೆ ಬಂದವು ಗ್ಲೈಕಾಲ್ ಈಥರ್ ಎಂಬ ಕುಟುಂಬದ ರಾಸಾಯನಿಕಗಳು. ಕುದಿಯುವ ಬಿಂದು ಬಹಳ ಮೇಲೆ, ರಬ್ಬರಿಗೆ ತೊಂದರೆ ಇಲ್ಲ, ಚಳಿಯಲ್ಲೂ ತೆಳ್ಳಗೆ. ಆದರೆ ಅವಕ್ಕೊಂದು ಚಾಳಿ: ನೀರು ಕುಡಿಯೋದು. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಹಾಗೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಡಬ್ಬಿಯ ಮುಚ್ಚಳದ ಸಂದಿಯಿಂದ, ರಬ್ಬರ್ ಹೋಸಿನ ಮೂಲಕವೂ ತೇವ ನಿಧಾನವಾಗಿ ಒಳಗೆ ಹೋಗುತ್ತೆ. ನೀರು ಸೇರಿದಷ್ಟೂ ಕುದಿಯುವ ಬಿಂದು ಇಳಿಯುತ್ತೆ.

ಅಮೆರಿಕ ಸರ್ಕಾರದ ಸಾರಿಗೆ ಇಲಾಖೆ ಹುಟ್ಟಿದ್ದು 1966ರಲ್ಲಿ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಬಾಟಲಿ ಮೇಲಿನ ‘ಡಾಟ್’. ಅದರ 116ನೇ ಸುರಕ್ಷತಾ ಮಾನದಂಡ ಪ್ರತಿ ದ್ರವಕ್ಕೂ ಎರಡು ಅಂಕಿ ಕೇಳಿತು. ಒಂದು, ಹೊಚ್ಚ ಹೊಸದಾಗಿದ್ದಾಗ ಎಷ್ಟರಲ್ಲಿ ಕುದಿಯುತ್ತೆ ಅನ್ನೋ ಒಣ ಬಿಂದು. ಇನ್ನೊಂದು, ಸುಮಾರು 3.7 ಶೇಕಡಾ ನೀರು ಕುಡಿದ ಮೇಲೆ ಎಷ್ಟರಲ್ಲಿ ಕುದಿಯುತ್ತೆ ಅನ್ನೋ ಒದ್ದೆ ಬಿಂದು. ಡಾಟ್ 3ಕ್ಕೆ ಕನಿಷ್ಠ 205 ಮತ್ತು 140 ಡಿಗ್ರಿ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5 ಮತ್ತು 5.1ಕ್ಕೆ 260 ಮತ್ತು 180. ಈ ಒದ್ದೆ ಅಂಕಿ ಅಂದ್ರೆ ಅಂಗಡಿಯ ಬಾಟಲಿಯಲ್ಲ, ಒಂದೆರಡು ಮಳೆಗಾಲ ಕಂಡ ನಿಮ್ಮ ಕಾರು.

ಈ ಪಟ್ಟಿಯಲ್ಲಿ ಒಂದು ಬಲೆ ಇದೆ. 3, 4, 5, 5.1 ಅಂದ ಕೂಡಲೇ ಫೋನಿನ ಮಾಡೆಲ್ ಥರ ದೊಡ್ಡ ನಂಬರೇ ಉತ್ತಮ ಅನ್ಸುತ್ತೆ. ಹಾಗಲ್ಲ. ಡಾಟ್ 5 ಅಂದ್ರೆ ಸಿಲಿಕೋನ್, ನೇರಳೆ ಬಣ್ಣ, ಬೇರೆ ಜಾತಿಯೇ. ನೀರು ಕುಡಿಯೋದಿಲ್ಲ, ಪೇಂಟ್ ಹಾಳುಮಾಡೋದಿಲ್ಲ. ವರ್ಷಗಟ್ಟಲೆ ನಿಂತಿರುವ ಗಾಡಿಗಳಿಗೆ ಅನುಕೂಲ ಅಂತ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡಿತು. ಹಾಗಾದ್ರೆ ನಮಗೂ ಅದೇ ಬೇಕಲ್ವಾ? ಇಲ್ಲ. ಒಳಗೆ ಹೇಗೋ ನುಸುಳಿದ ನೀರು ಸಿಲಿಕೋನಿನಲ್ಲಿ ಕರಗದೆ ಒಂದು ಕಡೆ ಹನಿಯಾಗಿ ಕೂರುತ್ತೆ. ಆ ಹನಿ ಕುದಿಯೋಕೆ ನೂರು ಡಿಗ್ರಿ ಸಾಕು. ಗ್ಲೈಕಾಲ್ ನೀರು ಕುಡಿಯೋದು ಒಂದು ರೀತಿ ಉಪಕಾರವೇ, ವಿಷವನ್ನು ಹಂಚಿಕೊಂಡು ದುರ್ಬಲ ಮಾಡುತ್ತೆ. ಜೊತೆಗೆ ಸಿಲಿಕೋನ್ ಒತ್ತಿದಾಗ ಕೊಂಚ ಹೆಚ್ಚು ಕುಗ್ಗುತ್ತೆ, ಅದರಲ್ಲಿ ಸಣ್ಣ ಗಾಳಿಗುಳ್ಳೆ ಸುಲಭವಾಗಿ ಸಿಕ್ಕಿಕೊಳ್ಳುತ್ತೆ. ಪೆಡಲ್ ಮೆತ್ತಗೆ. ಎಬಿಎಸ್ ಇರೋ ಕಾರಿಗೂ ಟ್ರ್ಯಾಕಿಗೂ ಅದು ಬೇಡ, ಗ್ಲೈಕಾಲ್ ಜೊತೆ ಬೆರೆಸೋದಂತೂ ಬೇಡವೇ ಬೇಡ.

ಗ್ಲೈಕಾಲ್ ಕುಟುಂಬದಲ್ಲೇ ಡಾಟ್ 5ರ ಮಟ್ಟ ಮುಟ್ಟಿದ ದ್ರವ ಬಂದಾಗ ಆ ಹೆಸರು ಸಿಲಿಕೋನಿಗೆ ಮೀಸಲಾಗಿತ್ತು. ಹಾಗಾಗಿ ಇದಕ್ಕೆ 5.1 ಅಂತ ಇಟ್ಟರು. ಹೆಸರು ನೋಡಿದರೆ ಐದರ ತಮ್ಮ, ರಕ್ತ ನೋಡಿದರೆ ನಾಲ್ಕರ ಅಣ್ಣ. ಈ ಹೆಸರಿನಿಂದ ಆಗಿರೋ ಗೊಂದಲ ಇವತ್ತಿಗೂ ಮುಗಿದಿಲ್ಲ.

ಸರಿ, ಮುಂದಿನ ಟ್ರ್ಯಾಕ್ ಡೇಗೆ ಏನು ಹಾಕಬೇಕು?

ರೇಸಿಗೆಂದೇ ಮಾಡಿದ ದ್ರವಗಳು ಹೆಚ್ಚಿನವು ಡಾಟ್ 4ರ ಬಳಗದವೇ, ಆದರೆ ಕನಿಷ್ಠ ಮಟ್ಟಕ್ಕಿಂತ ಎಷ್ಟೋ ಮೇಲಿನವು. ಮೋಟುಲ್ ಆರ್‌ಬಿಎಫ್ 600ರ ಒಣ ಬಿಂದು 312 ಡಿಗ್ರಿ, 660ರದ್ದು 325. ಹೆಸರಿನ ಸಂಖ್ಯೆಯನ್ನು ಫ್ಯಾರನ್‌ಹೀಟ್ ಅಂದುಕೊಂಡರೆ ಮೊದಲನೆಯದು ಹೆಚ್ಚುಕಡಿಮೆ ಸರಿಹೋಗುತ್ತೆ, ಎರಡನೆಯದು ಹೋಗಲ್ಲ. 325 ಸೆಲ್ಸಿಯಸ್ ಅಂದ್ರೆ 617 ಫ್ಯಾರನ್‌ಹೀಟ್. ಇನ್ನೂ ಮುಖ್ಯ ಅಂದ್ರೆ ಎರಡರ ಒದ್ದೆ ಬಿಂದುವೂ 205ರ ಆಸುಪಾಸಿನಲ್ಲೇ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ಬೇರೆ ರಸಾಯನದ್ದು, ಅದರ ಒದ್ದೆ ಬಿಂದು 270. ಬೆಲೆ ಕೇಳಿದರೆ ನಾವೇ ಕುದೀತೀವಿ. ಬಾಟಲಿ ಕೈಗೆತ್ತಿಕೊಂಡಾಗ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಚಿಕ್ಕ ಅಕ್ಷರ ಓದಿ.

ಪ್ರತಿ ಟ್ರ್ಯಾಕ್ ಡೇಗೆ ಮುಂಚೆ ಹೊಸದು ಹಾಕಿಸುವ ಶಿಸ್ತು ಇದ್ದವರಿಗೆ ಒಣ ಬಿಂದು ಮುಖ್ಯ. ವರ್ಷಕ್ಕೊಂದೆರಡು ಸಲ ಟ್ರ್ಯಾಕಿಗೆ ಹೋಗಿ, ಉಳಿದ ದಿನ ಅದೇ ಕಾರಿನಲ್ಲಿ ಆಫೀಸಿಗೆ ಹೋಗುವ ನಮ್ಮಂಥವರಿಗೆ ಒದ್ದೆ ಬಿಂದುವೇ ನಿಜವಾದ ಅಂಕಿ. ಮೊದಲನೇ ಟ್ರ್ಯಾಕ್ ಡೇ, ಸ್ಟಾಕ್ ಕಾರು, ನಾಲ್ಕೈದು ಲ್ಯಾಪ್ ಓಡಿಸಿ ತಣಿಸೋ ಅಭ್ಯಾಸ ಅಂದ್ರೆ ಒಳ್ಳೆ ಕಂಪನಿಯ ಹೊಸ ಡಾಟ್ 4 ಸಾಕು. ಮೂರು ವರ್ಷ ಹಳೇ ದುಬಾರಿ ದ್ರವಕ್ಕಿಂತ ಮೊನ್ನೆ ಹಾಕಿಸಿದ ಅಗ್ಗದ ದ್ರವ ವಾಸಿ. ಲ್ಯಾಪ್ ಹೆಚ್ಚಾಗಿ, ಟೈರ್ ಅಂಟು ಹೆಚ್ಚಾಗಿ, ಪೆಡಲ್ ಮೆತ್ತಗಾಗೋಕೆ ಶುರುವಾದಾಗ ರೇಸಿಂಗ್ ದ್ರವಕ್ಕೆ ಹೋಗಿ. ಅದನ್ನು ರಸ್ತೆಯ ದ್ರವದ ಹಾಗೆ ಎರಡು ವರ್ಷ ಬಿಡೋ ಹಾಗಿಲ್ಲ. ಹೊಸ ಕಾರುಗಳ ಸ್ಟೆಬಿಲಿಟಿ ಕಂಟ್ರೋಲಿಗೆ ತೆಳ್ಳಗಿನ ದ್ರವ ಬೇಕಾಗಿರುತ್ತೆ, ಹಾಗಾಗಿ ಮ್ಯಾನ್ಯುಯಲ್ ಏನು ಹೇಳುತ್ತೆ ಅಂತ ಮೊದಲು ನೋಡಿ. ಅರ್ಧ ಉಳಿದ ಹಳೇ ಬಾಟಲಿಯನ್ನು ಕಾರಿಗೆ ಹಾಕಬೇಡಿ, ಅದೂ ಶೆಲ್ಫಿನಲ್ಲಿ ಕೂತು ನೀರು ಕುಡಿದಿರುತ್ತೆ.

ಇನ್ನೊಂದು ಮಾತು. ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲದಿದ್ದರೆ ಸೋತಿರೋದು ಪ್ಯಾಡು. ಯಾವ ದ್ರವ ಹಾಕಿದರೂ ಪ್ರಯೋಜನವಿಲ್ಲ. ಪೆಡಲೇ ಮೆತ್ತಗಾಗಿ ನೆಲ ಮುಟ್ಟಿದರೆ ದ್ರವದ ಮೇಲೆ ಅನುಮಾನ. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಮುಂದಿನ ಸಲ ಹೋಗೋ ಮುಂಚೆ ನಾನೂ ನನ್ನ ಗೆಳೆಯನೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೂತು ಬ್ಲೀಡ್ ಮಾಡಿದೆವು. ಅವನು ಪೆಡಲ್ ಒತ್ತೋದು, ನಾನು ಕೆಳಗೆ ನಿಪ್ಪಲ್ ಸಡಿಲಿಸೋದು. “ಒತ್ತು ಮಗಾ... ಹಿಡ್ಕೋ... ಬಿಡು.” ನಾಲ್ಕು ಚಕ್ರ, ಒಂದೂವರೆ ಗಂಟೆ. ಮೊದಲು ಹೊರಬಂದ ಹಳೇ ದ್ರವ ಕಾಫಿ ಡಿಕಾಕ್ಷನ್ ಬಣ್ಣದ್ದು. ಕೊನೆಗೆ ಬಂದಿದ್ದು ತಿಳಿ ಜೇನಿನ ಬಣ್ಣದ್ದು. ಎರಡನ್ನೂ ಪಕ್ಕಪಕ್ಕ ಗಾಜಿನ ಬಾಟಲಿಯಲ್ಲಿಟ್ಟು ನೋಡಿದಾಗ, ಮೂರು ವರ್ಷ ಆ ಡಿಕಾಕ್ಷನ್ನಿನ ಭರವಸೆಯ ಮೇಲೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದಿದ್ದು ನೆನಪಾಯಿತು. ಟ್ರ್ಯಾಕ್ ನನ್ನನ್ನು ಮಣ್ಣಿಗೆ ಕಳಿಸಿ ಪಾಠ ಕಲಿಸಿತು. ಘಾಟಿಯಲ್ಲಿ ಹಾಗೆ ಆಚೆ ಸರಿಯೋಕೆ ಮಣ್ಣಿನ ಜಾಗ ಇರೋದಿಲ್ಲ.

ಆ ದಿನ ಮೂವತ್ತು ಲ್ಯಾಪ್ ಓಡಿಸಿದೆ. ಪೆಡಲ್ ಪ್ರತಿ ಸಲವೂ ಅದೇ ಜಾಗದಲ್ಲಿ ಸಿಕ್ಕಿತು.